ನಿಧಾನಪ್ಪನ ಎಡಗೈ

ಕಟಾವು ಮುಗಿದ ಹೊಲದಲ್ಲಿ ಹೆಲಿಕಾಪ್ಟರು ಎಡಮಗ್ಗುಲಾಗಿ ಬಿದ್ದಿತ್ತು. ಇಬ್ಬರು ಮಾತ್ರ ಕೂರಬಹುದಾದ ಪುಟ್ಟ ಯಂತ್ರ. ಹಾರಾಟ ಕಲಿಸುವ ಶಾಲೆಯದು. ಬಾಲ ಮುರಿದು, ಎಡಬಾಗಿಲು ಮಣ್ಣಿನಲ್ಲಿ ಹೂತು, ಮುಂಭಾಗದ ಗಾಜು ಕೂಳೆಯ ನಡುವೆ ಚೂರುಚೂರಾಗಿ ಚೆಲ್ಲಿತ್ತು. ಅಪಘಾತ ತನಿಖೆಯ ಇಲಾಖೆಯಿಂದ ಬಂದ ಹೆಂಗಸು ಕೂಡಲೇ ಅದರ ಹತ್ತಿರ ಹೋಗಲಿಲ್ಲ. ಬದುವಿನ ಮೇಲೆ ಕೈಕಟ್ಟಿ ನಿಂತು ಬಹಳ ಹೊತ್ತು ನೋಡಿದಳು.

ಇಲಾಖೆಯಲ್ಲಿ ಅವಳಿಗೆ ಯಾಕಮ್ಮ ಎಂದೇ ಹೆಸರು. ಯಾರು ಏನೇ ಹೇಳಲಿ, ತಲೆಯನ್ನು ಒಂದಿಷ್ಟು ವಾಲಿಸಿ "ಯಾಕೆ?" ಎಂದು ಕೇಳುವ ಚಾಳಿಯಿಂದ ಅಂಟಿಕೊಂಡ ಹೆಸರು. ಟೀ ತಣ್ಣಗಾಯಿತು ಅಂದರೂ ಯಾಕೆ ಅನ್ನುತ್ತಾಳೆ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು, ಎದುರಿಗೂ ಆಡಿಕೊಳ್ಳುತ್ತಿದ್ದರು. ಅವಳಿಗೆ ಬೇಸರವಿರಲಿಲ್ಲ. ಅನ್ನ ಹಾಕುವ ಪ್ರಶ್ನೆ ಅದು.

ಅವಳ ಜೊತೆಗೆ ಬಂದವನು ಗ್ರೀಸು. ಎಂಜಿನ್ ಬಿಚ್ಚಿ ಅದರ ಹೊಟ್ಟೆಯಲ್ಲೇನಿದೆ ಎಂದು ಹೇಳುವ ಪರಿಣತ. ಎಷ್ಟು ಸೋಪು ಹಾಕಿ ತಿಕ್ಕಿದರೂ ಉಗುರಿನ ಕಪ್ಪು ಹೋಗದವನು. ಅವನು ಮಂಡಿಯೂರಿ ಯಂತ್ರದ ನೆತ್ತಿಯ ರೆಕ್ಕೆಗಳನ್ನು ನೋಡಿದ. ಎರಡೂ ಮೇಲಕ್ಕೆ ಬಾಗಿದ್ದವು, ಬಿರುಗಾಳಿಗೆ ಸಿಕ್ಕಿ ಉಲ್ಟಾ ಆದ ಕೊಡೆಯ ಕಡ್ಡಿಗಳ ಹಾಗೆ.

"ಮೇಲೆ ಇರುವಾಗಲೇ ರೆಕ್ಕೆ ವೇಗ ಕಳಕೊಂಡಿದೆ," ಎಂದ.

"ಯಾಕೆ?"

"ಬಂತಲ್ಲಪ್ಪ! ಇನ್ನೂ ಚೀಲ ಕೆಳಗಿಟ್ಟಿಲ್ಲ ನಾನು," ಎಂದ ಗ್ರೀಸು. ಆಮೇಲೆ ದನಿ ತಗ್ಗಿಸಿ, "ಒಳಗಿದ್ದವರು ಯಾರು ಅಂತ ಗೊತ್ತಾಯ್ತಾ? ಎಡಗಡೆ ಸೀಟಲ್ಲಿ ಕಲಿಸೋ ಹುಡುಗಿ. ಅಲ್ಲೇ ಹೋಗಿಬಿಟ್ಟಳಂತೆ. ಬಲಗಡೆ ಕಲಿಯೋಕೆ ಕೂತಿದ್ದವರು ಬದುಕಿದ್ದಾರೆ. ಅವಳ ಅಪ್ಪ," ಎಂದ.

ಆ ಮಾತಿಗೆ ಮಾತ್ರ ಯಾಕಮ್ಮ ಏನೂ ಕೇಳಲಿಲ್ಲ.

ಎಂಜಿನ್ನನ್ನು ಲಾರಿಯಲ್ಲಿ ವರ್ಕ್‌ಶಾಪಿಗೆ ಸಾಗಿಸಿದರು. ಹೊಲದ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮ್ಯಾನ್ ಒಬ್ಬ, "ಎಂಜಿನ್ನು ಕೆಮ್ಮಿತು, ಇನ್ನೊಂದು ಸಲ ಕೆಮ್ಮಿತು, ಆಮೇಲೆ ಸುಮ್ಮನಾಗಿಬಿಡ್ತು. ಆ ಸುಮ್ಮನಾದದ್ದಕ್ಕೇ ನಾನು ತಲೆ ಎತ್ತಿ ನೋಡಿದ್ದು," ಎಂದು ಹೇಳಿದ್ದ. ಗ್ರೀಸು ಒಂದೊಂದೇ ಭಾಗ ಬಿಚ್ಚಿದ. ಪೆಟ್ರೋಲು ಬೇಕಾದಷ್ಟಿತ್ತು, ನೀರು ಬೆರೆತಿರಲಿಲ್ಲ. ಪ್ಲಗ್ಗುಗಳು ಹೊಸದರಂತಿದ್ದವು. ಕೊನೆಗೆ ನಜ್ಜುಗುಜ್ಜಾದ ಒಂದೆರಡು ಕೊಳವೆ ಬದಲಿಸಿ ಎಂಜಿನ್ನನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು ಚಾಲೂ ಮಾಡಿದ. ಏನೂ ಆಗಿಯೇ ಇಲ್ಲವೆಂಬಂತೆ ಅದು ಒಂದೇ ಏಟಿಗೆ ಹೊತ್ತಿಕೊಂಡು ಗುರುಗುಟ್ಟಿತು.

"ನಾಚಿಕೆಗೆಟ್ಟದ್ದು," ಎಂದು ಗ್ರೀಸು ಬೈದ. "ಈಗ ಓಡ್ತಿದೆ ನೋಡು."

ಇಬ್ಬರಿಗೂ ಗೊತ್ತಿತ್ತು. ಎಂಜಿನ್ನಿಗೆ ರೋಗವಿಲ್ಲದೆಯೂ ಅದು ಉಸಿರುಗಟ್ಟಿದ್ದರೆ ಕಾರಣ ಸಾಮಾನ್ಯವಾಗಿ ಒಂದೇ. ಗಾಳಿಯೂ ಪೆಟ್ರೋಲೂ ಬೆರೆಯುವ ಕಾರ್ಬ್ಯುರೇಟರಿನ ಗಂಟಲು ಬಹಳ ಇಕ್ಕಟ್ಟು. ಗಾಳಿಯಲ್ಲಿ ತೇವ ತುಂಬಿದ ದಿನ, ಹೊರಗೆ ಅಂಥಾ ಚಳಿ ಇಲ್ಲದಿದ್ದರೂ, ಎಂಜಿನ್ನಿನ ಓಟ ತಗ್ಗಿಸಿ ಇಳಿಯುವಾಗ ಆ ಗಂಟಲಲ್ಲಿ ಐಸ್ ಕಟ್ಟಿಕೊಳ್ಳುತ್ತದೆ. ಕಟ್ಟದಿರಲಿ ಎಂದು ಬಿಸಿಗಾಳಿ ಬಿಡಲು ಒಂದು ಗುಂಡಿ ಇರುತ್ತದೆ. ಇಳಿಯುವ ಮೊದಲು ಅದನ್ನು ಎಳೆಯಬೇಕು. ಈ ಯಂತ್ರದಲ್ಲಿ ಆ ಗುಂಡಿ ಒಳಕ್ಕೇ ಇತ್ತು, ಅದರ ಸರಳು ಹಾಗೆಯೇ ಸೊಟ್ಟಗಾಗಿತ್ತು. ಅಪ್ಪ ಎಳೆಯಲು ಮರೆತನೋ, ಮಗಳು ಗಮನಿಸಲಿಲ್ಲವೋ, ಎಳೆದದ್ದನ್ನು ಬೇಗನೆ ಒಳಕ್ಕೆ ತಳ್ಳಿದರೋ, ಯಾರಿಗೆ ಗೊತ್ತು? ಐಸು ಅಲ್ಲೇ, ಆ ಹೊಲದಲ್ಲೇ, ಯಾರೂ ಬರುವ ಮುಂಚೆಯೇ ನೀರಾಗಿ ಹೋಗಿತ್ತು.

"ಕಳ್ಳ ಕರಗಿಹೋದ," ಎಂದ ಗ್ರೀಸು. "ಕೇಸ್ ಮುಗೀತು."

"ಎಲ್ಲಿ ಮುಗೀತು? ಎಂಜಿನ್ ನಿಂತಿದ್ದಕ್ಕೆ ಕಾರಣ ಸಿಕ್ಕಿತು. ಅವಳು ಯಾಕೆ ಸತ್ತಳು?"

ಯಾಕಮ್ಮ ಕೇಳಿದ್ದು ಸರಿಯಾಗಿಯೇ ಇತ್ತು. ಎಂಜಿನ್ ನಿಂತ ಮಾತ್ರಕ್ಕೆ ಹೆಲಿಕಾಪ್ಟರು ಕಲ್ಲಿನಂತೆ ಬೀಳುವುದಿಲ್ಲ. ಕೂತವರ ಎಡಗೈಗೆ ಒಂದು ಹಿಡಿಕೋಲಿರುತ್ತದೆ. ಎತ್ತಿದರೆ ಯಂತ್ರ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಎಂಜಿನ್ ನಿಂತ ಕೂಡಲೇ, ಚಿಟಿಕೆ ಹೊಡೆಯುವಷ್ಟರಲ್ಲಿ, ಆ ಕೋಲನ್ನು ಪೂರ್ತಿ ಕೆಳಕ್ಕೆ ಒತ್ತಿಬಿಟ್ಟರೆ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತದೆ. ಗಾಳಿಯಲ್ಲಿ ಸುತ್ತುತ್ತ ಇಳಿಯುವ ಬೀಜದಂತೆ ನೆಲ ಮುಟ್ಟಬಹುದು. ಒತ್ತದಿದ್ದರೆ ರೆಕ್ಕೆಗಳು ಸೋತು ಮೇಲಕ್ಕೆ ಮಡಚಿಕೊಳ್ಳುತ್ತವೆ. ಆಮೇಲೆ ದೇವರೇ ಬಂದರೂ ಅವನ್ನು ತಿರುಗಿಸಲಾರ.

ಹಾರಾಟ ಶಾಲೆಯ ಮುಖ್ಯಸ್ಥ ಕಣ್ಣೊರೆಸಿಕೊಳ್ಳುತ್ತ ಹೇಳಿದ್ದ: "ಅವಳಾ? ನಿದ್ದೆಗಣ್ಣಲ್ಲೂ ಕೋಲು ಇಳಿಸೋಳು ಮೇಡಂ. ನನಗೇ ಕಲಿಸೋ ಅಷ್ಟು ಗೊತ್ತಿತ್ತು."

ಅವಳ ಬಳಿ ಕಲಿಯುತ್ತಿದ್ದ ಹಲ್ಲಿನ ಡಾಕ್ಟರೊಬ್ಬ ಇನ್ನೊಂದು ಮಾತು ಹೇಳಿದ. "ನೋಡೋಕೆ ಗುಬ್ಬಿಯಂಗಿದ್ದರು, ಮನೇಲೂ ಗುಬ್ಬಿ ಅಂತಲೇ ಕರೀತಿದ್ರಂತೆ. ಆದ್ರೆ ನಾನು ಹೆದರಿ ಕೋಲು ಬಿಗಿಹಿಡಿದೆ ಅಂದ್ರೆ ಮುಗೀತು, ಕೈ ಮೇಲೆ ಪಟ್ ಅಂತ ಬೀಳೋದು! ನಮ್ಮಮ್ಮ ಕೂಡ ಹಂಗೆ ಹೊಡೆದಿಲ್ಲ. ಕೆಳಗಿಳಿದ ಮೇಲೆ ಬಿಸ್ಕತ್ತು ಕೊಡೋರು." ನಗಲು ಹೋಗಿ ಅವನಿಗೆ ಆಗಲಿಲ್ಲ.

ಹಿಡಿಕೋಲು ಎರಡೂ ಸೀಟಿಗೆ ಒಂದೊಂದು. ಅಡಿಯಲ್ಲಿ ಎರಡೂ ಕೂಡಿಕೊಂಡಿರುತ್ತವೆ. ಒಂದನ್ನು ಒತ್ತಿದರೆ ಇನ್ನೊಂದೂ ಇಳಿಯುತ್ತದೆ. ಒಂದನ್ನು ಯಾರಾದರೂ ಬಲವಾಗಿ ಹಿಡಿದು ನಿಲ್ಲಿಸಿದರೆ ಇನ್ನೊಂದೂ ನಿಲ್ಲುತ್ತದೆ. ಯಾಕಮ್ಮ ಆ ಸಂಜೆ ಮನೆಗೆ ಹೋಗುವ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದಳು. ಯೋಚಿಸಿದ್ದು ನಿಜವಾಗದಿರಲಿ ಎಂದೂ ಅಂದುಕೊಂಡಳು. ಈ ಕೆಲಸದಲ್ಲಿ ಹಾಗೆ ಅಂದುಕೊಳ್ಳಬಾರದು.

ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವಳು ಅವರ ಮನೆಗೆ ಹೋದಳು. ಒಂದಕ್ಕೊಂದು ಆತುಕೊಂಡ ಮನೆಗಳ ಸಾಲುಬೀದಿ. ಕೆಳಗೆ ಅಪ್ಪ ಅಮ್ಮ. ಮಹಡಿಯ ಮೇಲೆ ಗುಬ್ಬಿ ಮತ್ತು ಅವಳ ಗಂಡ ಇರುತ್ತಿದ್ದರು. ಎದ್ದು ಓಡಾಡಲಾಗದ ಅಪ್ಪನಿಗಾಗಿ ಮುಂದಿನ ಕೋಣೆಯಲ್ಲೇ ಮಂಚ ಹಾಕಿದ್ದರು. ಕಿಟಕಿಯ ಮೇಲೆ ಮಾತ್ರೆಯ ಡಬ್ಬಿಗಳು, ಗೋಡೆಯ ಮೇಲೆ ಒಂದು ಬಸ್ಸಿನ ಮುಂದೆ ನಿಂತ ಅವನದೇ ಹಳೆಯ ಫೋಟೋ.

ಬಸ್ ಡಿಪೋದಲ್ಲಿ ಅವನನ್ನು ನಿಧಾನಪ್ಪ ಎನ್ನುತ್ತಿದ್ದರು. ಇಡೀ ಸರ್ವೀಸಿನಲ್ಲಿ ಒಂದು ಕೋಳಿಗೂ ಬಸ್ಸು ತಾಗಿಸಿದವನಲ್ಲ. ನಿಧಾನಪ್ಪನ ಬಸ್ಸು ಹತ್ತಿದರೆ ಕೆಲಸಕ್ಕೆ ನಾಳೆ ಹೋದ ಹಾಗೆ ಎಂದು ಜನ ಗೊಣಗುತ್ತಿದ್ದರು, ಆದರೆ ಮಕ್ಕಳನ್ನು ಒಂಟಿಯಾಗಿ ಕಳಿಸುವುದಿದ್ದರೆ ಅವನ ಬಸ್ಸಿಗೇ ಕಾಯುತ್ತಿದ್ದರು.

"ಚಿಕ್ಕವಳಿದ್ದಾಗ ಸ್ಕೂಲು ಬಿಟ್ಟ ಮೇಲೆ ನನ್ನ ಪಕ್ಕ ಎಂಜಿನ್ ಪೆಟ್ಟಿಗೆ ಮೇಲೆ ಕೂತ್ಕೊಂಡು ಕೊನೇ ಟ್ರಿಪ್ ಬರೋಳು," ಎಂದ. "ಒಂದು ದಿನ ನೀನು ಓಡಿಸು ಗುಬ್ಬಿ, ನಾನು ಪಕ್ಕ ಕೂರ್ತೀನಿ ಅಂತಿದ್ದೆ. ನಾನು ರಿಟೈರ್ ಆದಾಗ ಅವಳು ಏನಂದಳು ಗೊತ್ತಾ? 'ಪಕ್ಕ ಯಾಕಪ್ಪ ಕೂರ್ತೀರಿ, ನೀವೇ ಓಡಿಸಿ' ಅಂದಳು."

"ನಾನು ಬೇಡ ಅಂದೆ," ಎಂದಳು ತಾಯಿ ಬಾಗಿಲಲ್ಲೇ ನಿಂತು. "ಬಸ್ಸಿನ ಗೇರು ಬಿಟ್ಟ ವಯಸ್ಸಲ್ಲಿ ಆಕಾಶದ ಗೇರು ಯಾಕೆ ಅಂದೆ. ಇಬ್ಬರೂ ನಕ್ಕರು."

ಅವತ್ತಿನದು ಏನು ನೆನಪಿದೆ ಎಂದು ಯಾಕಮ್ಮ ಕೇಳಿದಳು.

"ಕೆಳಗೆ ಒಂದು ಬಿಳಿ ಕುದುರೆ ಮೇಯ್ತಾ ಇತ್ತು. ಅವಳು ತೋರಿಸಿದಳು. ಅದಾದ ಮೇಲೆ ಆಸ್ಪತ್ರೆಯ ಸೂರು." ಅವನು ಹೊದಿಕೆಯ ಅಂಚನ್ನು ಸರಿಮಾಡಿದ. "ನಡುವೆ ಏನೂ ಇಲ್ಲ ಮೇಡಂ. ಗುದ್ದಾಡಿ ನೋಡ್ತೀನಿ, ಬರಲ್ಲ. ನೀವೇ ಹೇಳಬೇಕು. ನಾನು ಏನು ಮಾಡ್ತಿದ್ದೆ? ನನ್ನ ಕೈ ಎಲ್ಲಿತ್ತು?"

"ಇನ್ನೂ ನೋಡ್ತಾ ಇದ್ದೀವಿ ಯಜಮಾನರೇ."

"ಗೊತ್ತಾದರೆ ಹೇಳ್ತೀರಾ?"

"ಹೇಳ್ತೀನಿ," ಎಂದಳು. ಬಾಗಿಲಲ್ಲಿ ನಿಂತಿದ್ದ ತಾಯಿ ಅವಳ ಮುಖವನ್ನೇ ನೋಡಿ ಒಳಗೆ ಹೋದಳು.

ಹೊರಡುವಾಗ ಅಳಿಯ ಬೀದಿಯವರೆಗೂ ಬಂದ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸ ಅವನದು, ಮೆತ್ತಗಿನ ಮಾತಿನವನು. ಅವತ್ತು ಮಾತು ಮೆತ್ತಗಿರಲಿಲ್ಲ.

"ಶಾಲೆಯಲ್ಲಿ ಕೆಲವರು ಆಡ್ಕೋತಿದ್ದಾರೆ. ಅವಳು ಗಾಬರಿ ಆಗಿ ಕೋಲು ಇಳಿಸಲಿಲ್ಲ ಅಂತ. ನನ್ನ ಹೆಂಡತಿ ಗಾಬರಿ ಆಗೋಳಲ್ಲ. ಮನೇಲಿ ಒಲೆಗೆ ಬೆಂಕಿ ಹತ್ತಿದಾಗ ನಾನು ಕಿರುಚ್ತಾ ಇದ್ದೆ, ಅವಳು ಮಾತಾಡದೆ ಒದ್ದೆ ಟವೆಲ್ ಹಾಕಿದಳು. ಅವಳ ಹೆಸರು ಕೆಡಬಾರದು ಮೇಡಂ. ನನಗೆ ಉಳಿದಿರೋದು ಅದೊಂದೇ."

ಆಸ್ಪತ್ರೆಯಲ್ಲಿ, ನಿಧಾನಪ್ಪನನ್ನು ಮೊದಲು ನೋಡಿದ ಡಾಕ್ಟರಮ್ಮ ದಾಖಲು ಮಾಡಿಕೊಂಡಾಗ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೋರಿಸಿದಳು. ಸೊಂಟ, ಪಕ್ಕೆ, ಹಣೆ. ಆಮೇಲೆ ಎಡಗೈ. ಹಿಂಗೈ ಊದಿ ನೀಲಿಗಟ್ಟಿತ್ತು. ಬೆರಳಿನ ಗೆಣ್ಣುಗಳು ಮೂಡಿದಂತೆ ಸಾಲಾಗಿ ಕಂದಿದ ಗುರುತು, ಅದರ ಪಕ್ಕ ಚಿಕ್ಕದೊಂದು ಚೌಕದ ಮೂಲೆಯಂಥ ಗಾಯ.

"ಬೀಳುವಾಗ ಆಗಿದ್ದಿರಬಹುದಾ?" ಎಂದು ಯಾಕಮ್ಮ ಕೇಳಿದಳು. ಹೌದು ಅನ್ನಲಿ ಎಂದು ಅವಳ ಜೀವ ಬೇಡುತ್ತಿತ್ತು.

"ಆ ಕಡೆ ಕೈಗೆ ತಾಗೋಂಥದ್ದು ಏನಾದರೂ ಇತ್ತಾ?"

ಇರಲಿಲ್ಲ. ಯಾಕಮ್ಮ ಹೆಲಿಕಾಪ್ಟರಿನ ಆ ಮುರಿದ ಒಳಗೂಡಿನಲ್ಲಿ ಅಂಗುಲ ಅಂಗುಲ ತಡಕಿ ನೋಡಿದ್ದಳು. ಅವನ ಎಡಗೈ ಇದ್ದದ್ದು ಎರಡು ಸೀಟಿನ ನಡುವೆ. ಅಲ್ಲಿ ಇದ್ದದ್ದು ಅವನು ಹಿಡಿದ ಕೋಲು ಮಾತ್ರ. ಶವಪರೀಕ್ಷೆ ಮಾಡಿದ ಇನ್ನೊಬ್ಬ ಡಾಕ್ಟರು ಹೇಳಿದ್ದು ಇದಕ್ಕೆ ಸರಿಯಾಗಿ ಕೂಡಿತು. ಗುಬ್ಬಿಯ ಬಲಗೈಯ ಗೆಣ್ಣುಗಳು ಊದಿಕೊಂಡಿದ್ದವು, ಸಾಯುವ ಮುಂಚೆ ಬಿದ್ದ ಪೆಟ್ಟಿನಿಂದ. ಬಲಗೈಯಲ್ಲಿ ಚೌಕ ಕಲ್ಲಿನ ಉಂಗುರವಿತ್ತು.

ಕಾರಿನಲ್ಲಿ ಕೂತ ಯಾಕಮ್ಮ ಕೀಲಿ ತಿರುಗಿಸದೆ ಹಾಗೆಯೇ ಉಳಿದಳು. ಅವಳಿಗೆ ಅದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಎಂಜಿನ್ ನಿಂತಿದೆ. ನೆಲ ಮೇಲಕ್ಕೆ ಬರುತ್ತಿದೆ. ಮೇಲೆತ್ತುವ ಕೋಲು ಕೈಯಲ್ಲಿರುವ ಯಾವ ಮನುಷ್ಯನೂ ಅದನ್ನು ಎತ್ತುತ್ತಾನೆ. ಬೀಳುವವನು ಬೀಳುವ ಕಡೆಗೇ ಒತ್ತಬೇಕು ಎಂಬುದು ಮೈಗೆ ತಿಳಿಯುವುದಿಲ್ಲ, ವರ್ಷಗಟ್ಟಲೆ ಕಲಿಯಬೇಕು. ಜೀವಮಾನವೆಲ್ಲ ದೊಡ್ಡ ಸ್ಟೀರಿಂಗ್ ತಿರುಗಿಸಿದ ಕೈ ಅದು. ಗುಬ್ಬಿಯಂಥ ಹುಡುಗಿ ತನ್ನ ಕೋಲನ್ನು ಎಷ್ಟು ಒತ್ತಿದರೂ ಅಪ್ಪನ ಕೈ ಬಿಡಲಿಲ್ಲ. ಬಲಗೈಯಲ್ಲಿ ಹಿಡಿಯುವ, ದಿಕ್ಕು ತಿರುಗಿಸುವ ಇನ್ನೊಂದು ಕೋಲನ್ನೂ ಬಿಟ್ಟು, ಆ ಬಲಗೈಯಿಂದ ಅವಳು ಅಪ್ಪನ ಕೈಗೆ ಗುದ್ದಿದ್ದಳು.

ವರದಿ ಬರೆಯುವ ಮೊದಲೇ ತಾಯಿ ಕಚೇರಿಗೆ ಬಂದಳು. ಎರಡು ಬಸ್ಸು ಬದಲಿಸಿ, ಒಬ್ಬಳೇ. ಯಾಕಮ್ಮ ಕುರ್ಚಿ ಎಳೆದುಕೊಟ್ಟು ನೀರು ಕೊಟ್ಟಳು. ತಾಯಿ ಲೋಟವನ್ನು ಕೈಯಲ್ಲೇ ಹಿಡಿದುಕೊಂಡಳು, ಕುಡಿಯಲಿಲ್ಲ.

"ನಿಮಗೆ ಗೊತ್ತಾಗಿದೆ ಅಲ್ವಾ?"

ಯಾಕಮ್ಮ ಮೇಜಿನ ಮೇಲಿದ್ದ ಕಡತ ಮುಚ್ಚಿದಳು.

"ನನಗೆ ಅವತ್ತೇ ಗೊತ್ತಾಯ್ತು. ಆಸ್ಪತ್ರೇಲಿ ಅವರ ಕೈಗೆ ಮುಲಾಮು ಹಚ್ಚಿದ್ದು ನಾನು. ಆ ಚೌಕದ ಗಾಯ ನೋಡಿದೆ. ಆ ಉಂಗುರ ನಂದು ಕಣಮ್ಮ. ಅವಳ ಮದುವೇಲಿ ನನ್ನ ಬೆರಳಿಂದ ತೆಗೆದು ಅವಳ ಬೆರಳಿಗೆ ಹಾಕಿದ್ದು. ಆ ಕಲ್ಲು ಎಷ್ಟು ಸಲ ನನ್ನ ಕೈಯನ್ನೇ ಗೀರಿದೆ, ನನಗೆ ಗೊತ್ತಾಗಲ್ವಾ?" ಅವಳ ದನಿಯಲ್ಲಿ ಅಳುವಿರಲಿಲ್ಲ. ಅತ್ತು ಬತ್ತಿದ ದನಿ ಅದು. "ಅವರಿಗೆ ಹೇಳಬೇಡಿ. ಹುಡುಗಿ ತಪ್ಪು ಮಾಡಿದಳು ಅಂತ ಬರೆದುಬಿಡಿ. ಕೋಲು ಇಳಿಸೋದು ತಡ ಮಾಡಿದಳು ಅಂತ ಬರೀರಿ. ಅವಳ ಮೇಲೆ ಹಾಕಿಬಿಡಿ."

"ಅಮ್ಮಾ..."

"ನನ್ನ ಮಗಳಮ್ಮ ಅವಳು! ನಾನು ಹೆತ್ತೋಳು ಹೇಳ್ತಿದ್ದೀನಿ. ಸತ್ತೋಳಿಗೆ ಇನ್ನು ಯಾವ ಮಾತೂ ತಾಗಲ್ಲ. ಇದ್ದಿದ್ದರೆ ಅವಳೇ ನಿನ್ನ ಹತ್ರ ಬಂದು ಹೀಗೇ ಕೇಳೋಳು. ಅವರು ಇದನ್ನ ಕೇಳಿದ ದಿನ ಸಾಯ್ತಾರೆ. ಒಬ್ಬರನ್ನ ಕಳಕೊಂಡೆ. ಇನ್ನೊಬ್ಬರನ್ನ ನೀನು ತಗೋಬೇಡ." ನೀವು ಅನ್ನುತ್ತಿದ್ದವಳು ನೀನು ಅನ್ನತೊಡಗಿದ್ದು ಅವಳಿಗೇ ತಿಳಿದಿರಲಿಲ್ಲ.

ಯಾಕಮ್ಮ ತನ್ನ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು. "ಅದು ಸುಳ್ಳಾಗುತ್ತೆ ಅಮ್ಮ. ನಾವು ಬರೆಯೋದನ್ನ ಕಲಿಸೋರು, ಕಲಿಯೋರು ಎಲ್ಲಾ ಓದ್ತಾರೆ. ಹೆದರಿದ ಕೈ ಎಷ್ಟು ಬಿಗಿ ಹಿಡಿಯುತ್ತೆ ಅನ್ನೋದು ಅವರಿಗೆ ಗೊತ್ತಾಗಬೇಕು. ಇನ್ನೊಂದು ಮನೇಲಿ ಹೀಗಾಗಬಾರದು," ಎಂದಳು.

"ಪಾಠ ಕಲಿಯೋರಿಗೆ ನಮ್ಮ ಮನೆಯೇ ಬೇಕಿತ್ತಾ?"

ಯಜಮಾನರ ತಪ್ಪು ಎಂದು ಎಲ್ಲೂ ಬರೆಯುವುದಿಲ್ಲ, ಯಾರ ಕೈಯಾದರೂ ಹಾಗೇ ಮಾಡುತ್ತಿತ್ತು ಎಂದು ಬರೆಯುತ್ತೇನೆ ಎಂದಳು ಯಾಕಮ್ಮ. ತಾಯಿ ಲೋಟವನ್ನು ಮೇಜಿನ ಮೇಲಿಟ್ಟು ಎದ್ದಳು.

"ನೀನು ಹೇಗೆ ಬೇಕಾದರೂ ಬರಿ. ಅವರು ಅದನ್ನ ಹಾಗೆ ಓದಲ್ಲ."

ವರದಿ ಹೊರಬರುವ ಮೊದಲು ಮನೆಯವರಿಗೆ ತೋರಿಸುವುದು ಇಲಾಖೆಯ ಪದ್ಧತಿ. ಅಂಚೆಯಲ್ಲಿ ಕಳಿಸಬಹುದಿತ್ತು. ಹಾಗೆ ಮಾಡಲು ಮನಸ್ಸು ಬಾರದೆ ಯಾಕಮ್ಮ ತಾನೇ ಹೋದಳು. ಒಬ್ಬನೇ ಕೇಳಲು ಇಷ್ಟವಿದೆಯೇ ಎಂದಾಗ ನಿಧಾನಪ್ಪ, "ಎಲ್ಲರೂ ಇರಲಿ. ಅವಳದು ಅಂದ ಮೇಲೆ ಎಲ್ಲರದೂ," ಎಂದ. ತಾಯಿ ಮಂಚದ ಕಾಲಿನ ಕಡೆ ಕೂತಳು. ಅಳಿಯ ಕಿಟಕಿಗೆ ಒರಗಿ ನಿಂತ.

ಯಾಕಮ್ಮ ಕಾಗದ ನೋಡಿ ಓದಲಿಲ್ಲ. ಎದುರು ಕೂತು ಬಾಯಲ್ಲೇ ಹೇಳಿದಳು. ಐಸಿನ ಮಾತು, ಬಿಸಿಗಾಳಿಯ ಗುಂಡಿಯ ಮಾತು. ಅದನ್ನು ಇಬ್ಬರಲ್ಲಿ ಯಾರು ಮರೆತರೆಂದು ಗೊತ್ತಿಲ್ಲ, ನೋಡಿಕೊಳ್ಳುವ ಹೊಣೆ ಕಲಿಸುವವಳದು ಎಂದೂ ಮುಚ್ಚಿಡದೆ ಹೇಳಿದಳು. ಆಮೇಲೆ ಹಿಡಿಕೋಲಿನ ಮಾತು. ಎರಡು ಕೈಗಳ ಗಾಯದ ಮಾತು. ಅಳಿಯ ಕಿಟಕಿಯ ಕಡೆಗೆ ತಿರುಗಿ ನಿಂತ. ನಿಧಾನಪ್ಪ ತನ್ನ ಎಡಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದು, ಅಂಗೈ ಕೆಳಗೆ ಮಾಡಿ ತೊಡೆಯ ಮೇಲಿಟ್ಟುಕೊಂಡು ನೋಡಿದ. ಗಾಯ ಮಾಯ್ದು ಒಂದು ಬಿಳಿ ಗೆರೆ ಉಳಿದಿತ್ತು.

"ಹಾಗಾದರೆ ಅವಳು ಸರಿಯಾಗೇ ಮಾಡಿದಳು," ಎಂದ.

"ಮಾಡಬೇಕಾದ್ದನ್ನೆಲ್ಲ ಮಾಡಿದ್ದಾರೆ."

"ಬೇರೆ ಹುಡುಗರು ಹೀಗೆ ಹಿಡಕೊಂಡಾಗಲೂ ಹೊಡೀತಿದ್ದಳಲ್ಲ? ಅವಳೇ ಹೇಳಿ ನಗ್ತಿದ್ದಳು. ತಕ್ಷಣ ಪಟ್ ಅಂತ ಬಿಡ್ತೀನಪ್ಪ ಅಂತಿದ್ದಳು."

"ಹೌದು."

"ನನಗೆ ತಕ್ಷಣ ಹೊಡೀಲಿಲ್ಲ."

"ಹಾಗಂತ ಎಲ್ಲೂ ಇಲ್ಲ ಯಜಮಾನರೇ. ಅಷ್ಟು ಚಿಕ್ಕ ಯಂತ್ರದಲ್ಲಿ ಮಾತು ದಾಖಲಾಗೋ ಪೆಟ್ಟಿಗೆ ಇರಲ್ಲ. ಯಾವಾಗ ಹೊಡೆದರು ಅಂತ ಯಾರಿಗೂ ಗೊತ್ತಿಲ್ಲ."

"ನನಗೆ ಗೊತ್ತು." ಅವನು ಮೆಲ್ಲಗೆ, ಸಣ್ಣ ಮಗುವಿಗೆ ಹೇಳಿಕೊಟ್ಟಂತೆ ಹೇಳಿದ. "ನನ್ನ ಮಗಳು ಅವಳು. ನನ್ನ ಮುಂದೆ ಯಾವತ್ತೂ ದನಿ ಎತ್ತಿದವಳಲ್ಲ. ಮೊದಲು 'ಅಪ್ಪಾ, ಬಿಡಿ' ಅಂದಿರ್ತಾಳೆ. ಇನ್ನೊಂದು ಸಲ 'ಅಪ್ಪಾ, ಬಿಡಿ' ಅಂದಿರ್ತಾಳೆ. ಆಮೇಲೆ ಹೊಡೆದಿರ್ತಾಳೆ. ಅಷ್ಟೊತ್ತಿಗೆ ಹೊತ್ತು ಮೀರಿತ್ತು. ಅಪ್ಪನ ಮೇಲೆ ಹೇಗೆ ಕೈ ಎತ್ತೋದು ಅಂತ... ಮೊದಲೇ ಹೊಡೀಬೇಕಿತ್ತು ಗುಬ್ಬಿ. ಬೆರಳು ಮುರಿಯೋ ಹಾಗೆ ಹೊಡೀಬೇಕಿತ್ತು."

ಯಾಕಮ್ಮ ಹಾಗಲ್ಲ ಎನ್ನಬಹುದಿತ್ತು. ಆದರೆ ಅದು ಹಾಗಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಆಡಿ ಅವಳಿಗೆ ರೂಢಿಯಿರಲಿಲ್ಲ.

ನಿಧಾನಪ್ಪ ಹೆಂಡತಿಯ ಕಡೆ ನೋಡಿದ. ಅವಳ ಮುಖದಲ್ಲಿ ಅಚ್ಚರಿ ಇಲ್ಲದ್ದು ಅವನಿಗೆ ಆಗ ಕಂಡಿತು.

"ನಿನಗೆ ಗೊತ್ತಿತ್ತಾ?"

"ಮುಲಾಮು ಹಚ್ಚಿದ್ದು ಯಾರು?"

"ಗೊತ್ತಿದ್ದೂ ಇಷ್ಟು ದಿನ ಈ ಕೈಗೆ ಊಟದ ತಟ್ಟೆ ಕೊಟ್ಟೆಯಾ?"

"ಇನ್ನೇನು ಮಾಡಲಿ? ಹೇಳಿ, ಏನು ಮಾಡಲಿ?" ಎಂದು ಅವಳು ಕೂಗಿಬಿಟ್ಟಳು. ಆ ಮನೆಯಲ್ಲಿ ಅಷ್ಟು ದಿನ ಯಾರೂ ಅಷ್ಟು ಜೋರಾಗಿ ಮಾತಾಡಿರಲಿಲ್ಲ. "ನಿಮ್ಮನ್ನ ದ್ವೇಷ ಮಾಡೋಕೂ ನನಗೆ ನೀವೇ ಬೇಕು. ಇನ್ಯಾರಿದ್ದಾರೆ?"

ನಿಧಾನಪ್ಪ ಅತ್ತ. ಬಾಯಿ ಮುಚ್ಚಿಕೊಳ್ಳದೆ, ಮುಖ ಮರೆಮಾಡದೆ, ಎರಡೂ ಕೈಗಳನ್ನು ತನ್ನವಲ್ಲವೆಂಬಂತೆ ಅತ್ತಿತ್ತ ಬಿಟ್ಟುಕೊಂಡು ಅತ್ತ. ಹೆಂಡತಿ ಸ್ವಲ್ಪ ಹೊತ್ತು ದೂರವೇ ಕೂತಿದ್ದಳು. ಆಮೇಲೆ ಎದ್ದು ಬಂದು ಅವನ ಮೂಗು ಒರೆಸಿದಳು, ಒರಟಾಗಿ, ಸಿಟ್ಟಿನಿಂದ, ಹಟ ಮಾಡುವ ಮಗುವಿಗೆ ಒರೆಸುವಂತೆ. ಅಳಿಯ ಯಾರ ಮುಖವನ್ನೂ ನೋಡದೆ ಮಹಡಿ ಹತ್ತಿ ಹೋದ. ಅವನ ಹೆಂಡತಿಯ ಹೆಸರು ಉಳಿದಿತ್ತು. ಮೇಲೆ ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

ಮರುದಿನ ಅವನು ಬಟ್ಟೆ ತುಂಬಿಕೊಂಡು ಅಣ್ಣನ ಮನೆಗೆ ಹೋದನೆಂದು ಯಾಕಮ್ಮನಿಗೆ ಆಮೇಲೆ ತಿಳಿಯಿತು. ಜಗಳವಾಡಿ ಹೋದದ್ದಲ್ಲ. ಊಟಕ್ಕೆ ಕೂತಾಗ ಆ ಕೈ ನೋಡಲು ಆಗುತ್ತಿಲ್ಲ ಅತ್ತೆ ಎಂದು ಹೇಳಿಯೇ ಹೋದ. ಅತ್ತೆ ತಡೆಯಲಿಲ್ಲ. ವರದಿ ಹೊರಬಂತು. ಕಲಿಯುವವನು ಕೋಲು ಬಿಡದಿದ್ದರೆ ಏನು ಮಾಡಬೇಕೆಂಬುದನ್ನು ಮೊದಲ ದಿನವೇ ನೆಲದ ಮೇಲೆ ಅಭ್ಯಾಸ ಮಾಡಿಸಬೇಕು ಎಂಬ ನಿಯಮ ಆ ಹಾರಾಟ ಶಾಲೆಯಲ್ಲೂ ಬೇರೆ ಕಡೆಗಳಲ್ಲೂ ಬಂತು. ರಕ್ತ ಸಂಬಂಧಿಗಳಿಗೆ ಕಲಿಸಬಾರದೆಂದು ಯಾಕಮ್ಮ ಬರೆದಿರಲಿಲ್ಲ. ಅದನ್ನು ಬರೆಯಲು ಅವಳ ಕೈಯಲ್ಲಿ ಒಬ್ಬ ತಂದೆಯ ಊಹೆ ಬಿಟ್ಟು ಬೇರೇನೂ ಇರಲಿಲ್ಲ. ಆದರೂ ಶಾಲೆಯ ಮುಖ್ಯಸ್ಥ ತಾನೇ ತಾನಾಗಿ ಆ ಕಟ್ಟಳೆ ಮಾಡಿಕೊಂಡ.

ಚಳಿಗಾಲ ಕಳೆದ ಮೇಲೆ ಬೇರೊಂದು ಅಪಘಾತದ ವಿಚಾರಣೆಗೆಂದು ಯಾಕಮ್ಮ ಅದೇ ಆಸ್ಪತ್ರೆಗೆ ಹೋಗಿದ್ದಳು. ವ್ಯಾಯಾಮ ಮಾಡಿಸುವ ಕೋಣೆಯ ಹೊರಗಿನ ಬೆಂಚಿನ ಮೇಲೆ ನಿಧಾನಪ್ಪ ಕೂತಿದ್ದ, ಪಕ್ಕದಲ್ಲಿ ಊರುಗೋಲು. ಸಣ್ಣಗಾಗಿದ್ದ. ಅವಳು ತಪ್ಪಿಸಿಕೊಂಡು ಹೋಗಬೇಕೆಂದಿದ್ದಳು, ಅವನೇ ಕರೆದ.

"ಬನ್ನಿ ಮೇಡಂ. ಹೊಸ ಕೇಸಾ?"

"ಹೌದು."

"ಜೀವ ಹೋಗಿಲ್ಲ ತಾನೇ?"

"ಇಲ್ಲ. ಎಲ್ಲರೂ ಇದ್ದಾರೆ."

"ಸದ್ಯ," ಎಂದು ಅವನು ನಿಜವಾಗಿಯೂ ಸಮಾಧಾನಪಟ್ಟ. ಊರುಗೋಲನ್ನು ಪಕ್ಕಕ್ಕೆ ಸರಿಸಿ, "ನನ್ನವಳಿಗೆ ನಿಮ್ಮ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ಹೋಗೋದೂ ಬೇಡ ಬಿಡಿ. ಸಿಟ್ಟಿದ್ದ ದಿನ ಎದ್ದು ಓಡಾಡ್ತಾಳೆ, ಅಡುಗೆ ಮಾಡ್ತಾಳೆ. ಸಿಟ್ಟು ಇಳಿದ ದಿನ ಹಾಸಿಗೆ ಬಿಟ್ಟು ಏಳಲ್ಲ," ಎಂದ.

"ನೀವು ಹೇಗಿದ್ದೀರಿ?" ಎಂದು ಕೇಳಿದಳು. ಕೇಳಬಾರದಿತ್ತೇನೋ ಎನಿಸಿತು.

"ಇದ್ದೀನಿ," ಎಂದ ನಿಧಾನಪ್ಪ. "ಇರಬೇಕಲ್ಲ. ದ್ವೇಷಕ್ಕೂ ನಾನೇ ಬೇಕು ಅಂತ ಅವಳು ಹೇಳಿಬಿಟ್ಟಿದ್ದಾಳೆ."

ಆಗ ಅಳಿಯ ಔಷಧಿಯ ಚೀಲ ಹಿಡಿದು ಬಂದ. ಯಾಕಮ್ಮನನ್ನು ನೋಡಿ ತಲೆಬಾಗಿದ. ಅತ್ತೆಗೆ ಕಾರು ಓಡಿಸಲು ಬಾರದು, ಮಾವ ಇನ್ನು ಓಡಿಸುವುದಿಲ್ಲ. ವ್ಯಾಯಾಮದ ದಿನಗಳಲ್ಲಿ ಅಂಗಡಿಗೆ ರಜೆ ಹೇಳಿ ಅಣ್ಣನ ಕಾರು ತೆಗೆದುಕೊಂಡು ಬರುತ್ತಾನೆಂದು ಅವಳು ಅರ್ಥಮಾಡಿಕೊಂಡಳು. ಅವನು ಮಾವನ ರಟ್ಟೆಗೆ ಕೈಹಾಕಿ ಎಬ್ಬಿಸಿದ. ಬಲರಟ್ಟೆಗೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ, ಆದರೆ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು, ಆ ಉದ್ದನೆಯ ಮೊಗಸಾಲೆಯಲ್ಲಿ ನಡೆದರು.

ಕಿಟಕಿಯಿಂದ ಯಾಕಮ್ಮ ನೋಡುತ್ತಿದ್ದಳು. ಅಳಿಯ ಮಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬಗ್ಗಿ ಬೆಲ್ಟು ಹಾಕಿ, ಬಾಗಿಲು ಮುಚ್ಚಿ ಸುತ್ತಿಬಂದು ತನ್ನ ಜಾಗದಲ್ಲಿ ಕೂತ. ನಿಧಾನಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿ, ಅದರ ಮೇಲೆ ತನ್ನ ಭಾರವನ್ನೆಲ್ಲ ಬಿಟ್ಟು ಕೂತಿದ್ದ. ಕಾರು ಗೇಟು ದಾಟಿ ರಸ್ತೆಗೆ ತಿರುಗುವವರೆಗೂ ಅವನು ಕೈ ಹೊರಗೆ ತೆಗೆಯಲಿಲ್ಲ.